ಆಮೆಗೆ ನೀರಷ್ಟೇ ಸಾಕಾ?

ಅಕ್ವೇರಿಯಂ ಅಂಗಡಿಗಳಲ್ಲಿ ಮಾರೋ ಪುಟ್ಟ ಹಸಿರು ಆಮೆ ನಮಗೆಲ್ಲ ಗೊತ್ತು. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಅಂಗೈಯಲ್ಲಿ ಹಿಡಿಸೋ ಗಾತ್ರ. ಹಾಸ್ಟೆಲ್‌ಗೆ, ಪಿಜಿಗೆ ನಾಯಿ ತರೋಕಾಗಲ್ಲ; ಇದು ಬೊಗಳೋದಿಲ್ಲ, ವಾಕಿಂಗ್ ಕೇಳೋದಿಲ್ಲ. ಬರ್ತ್‌ಡೇ ಗಿಫ್ಟಿಗೂ ಆಯ್ತು, 'ವಾಸ್ತುಗೆ ಒಳ್ಳೇದು' ಅಂತ ಮನೆಯಲ್ಲೂ ಒಪ್ಪುತ್ತಾರೆ. ಒಂದು ಗಾಜಿನ ಡಬ್ಬಿ, ಅರ್ಧ ನೀರು, ನಾಲ್ಕು ಬಣ್ಣದ ಕಲ್ಲು. ಮುಗೀತು ಅಂದುಕೊಳ್ಳುತ್ತೇವೆ.

ಮುಗಿಯೋದಿಲ್ಲ. ಇದರ ಹೆಸರು ರೆಡ್-ಇಯರ್ಡ್ ಸ್ಲೈಡರ್, ತವರು ಅಮೆರಿಕದ ಮಿಸ್ಸಿಸ್ಸಿಪ್ಪಿ ನದಿಯ ಸೀಮೆ. ಬೆಳೆದ ಹೆಣ್ಣಾಮೆಯ ಚಿಪ್ಪು 25 ಸೆಂ.ಮೀ. ದಾಟಬಹುದು, ಅಂದ್ರೆ ಊಟದ ತಟ್ಟೆಯಷ್ಟು. ಆಯಸ್ಸು ಚೆನ್ನಾಗಿ ನೋಡಿಕೊಂಡರೆ 30 ವರ್ಷ. ನಮ್ಮ ಬಿ.ಇ. 4 ವರ್ಷ. ಪ್ಲೇಸ್‌ಮೆಂಟ್ ಆಗಿ ಊರು ಬಿಟ್ಟಮೇಲೆ ಉಳಿದ ವರ್ಷಗಳಿಗೆ ಯಾರು ಜವಾಬ್ದಾರಿ?

ಇನ್ನು ಆ ಡಬ್ಬಿಯ ಡಿಸೈನ್ ನೋಡೋಣ. ಅದರಲ್ಲಿ ಇಲ್ಲದೇ ಇರೋದು ದಡ. ಆಮೆ ಶೀತರಕ್ತದ ಪ್ರಾಣಿ. ಮೈ ಬೆಚ್ಚಗಾದರೇನೇ ತಿಂದದ್ದು ಅರಗೋದು. ಅದಕ್ಕೇ ಕಾಡಿನ ಸ್ಲೈಡರ್ ದಿನಾ ಮರದ ದಿಮ್ಮಿ ಹತ್ತಿ ಗಂಟೆಗಟ್ಟಲೆ ಬಿಸಿಲು ಕಾಯಿಸುತ್ತೆ. ಬಿಸಿಲಿನ ಯುವಿ-ಬಿ ಕಿರಣದಿಂದ ವಿಟಮಿನ್ ಡಿ3 ಆಗಬೇಕು, ಅದರಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕು, ಆಗಲೇ ಚಿಪ್ಪು ಗಟ್ಟಿ. 'ಕಿಟಕಿ ಹತ್ರಾನೇ ಇಟ್ಟಿದೀವಲ್ಲ' ಅಂದ್ರೆ ಪ್ರಯೋಜನ ಇಲ್ಲ, ಕಿಟಕಿ ಗಾಜು ಯುವಿ-ಬಿಯನ್ನು ಬಹುಪಾಲು ತಡೆದುಬಿಡುತ್ತೆ. ಕೊನೆಗೆ ಚಿಪ್ಪು ಮೆತ್ತಗಾಗುತ್ತೆ, ಮೂಳೆ ಸೊಟ್ಟಗಾಗುತ್ತೆ. ಫಿಲ್ಟರ್ ಇಲ್ಲದ ನೀರಲ್ಲಿ ಅಮೋನಿಯಾ ಬೇರೆ ಸೇರುತ್ತೆ. ಸಾಲ್ಮೊನೆಲ್ಲಾ ಮಕ್ಕಳಿಗೆ ಹರಡುತ್ತೆ ಅಂತ ಅಮೆರಿಕದಲ್ಲೇ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿದರು. ಇಲ್ಲಿ ಮಾರಾಟ ಆಗೋದೇ ಆ ಸೈಜು.

ಸಾಕಾದಮೇಲೆ ಕೆಲವರು ಹುಡುಕೋ ದಾರಿ, 'ಕೆರೆಗೆ ಬಿಟ್ಟರೆ ಪುಣ್ಯ'. ಪುಣ್ಯ ಅಲ್ಲ ಸ್ವಾಮಿ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆ. ಐರೋಪ್ಯ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ಬಿಟ್ಟ ಕಡೆಯೆಲ್ಲ ಊಟಕ್ಕೆ, ಬಿಸಿಲು ಕಾಯೋ ಜಾಗಕ್ಕೆ ಸ್ಥಳೀಯ ಆಮೆಗಳ ಜೊತೆ ಪೈಪೋಟಿಗೆ ಇಳಿಯುತ್ತೆ.

ಹೌದು, ನಮ್ಮ ಕೆರೆಗಳಿಗೆ ಅವುಗಳದೇ ಆಮೆಗಳಿವೆ. ಫ್ಲ್ಯಾಪ್‌ಶೆಲ್ ಆಮೆಯನ್ನೇ ತಗೊಳ್ಳಿ: ಹಿಂಗಾಲನ್ನು ಒಳಗೆ ಎಳೆದುಕೊಂಡಾಗ ಮುಚ್ಚಿಕೊಳ್ಳೋಕೆ ಹೊಟ್ಟೆಯಡಿ ಚರ್ಮದ ಎರಡು ಮುಚ್ಚಳ. ಬಸವನಹುಳು, ಕಪ್ಪೆ, ನೀರುಗಿಡ, ಸತ್ತ ಮೀನು ಎಲ್ಲ ತಿಂದು ಕೆರೆ ಚೊಕ್ಕ ಮಾಡುತ್ತೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆಸರೊಳಗೆ ಹೂತುಕೊಂಡು ಮಳೆಗೆ ಕಾಯುತ್ತೆ. 1972ರ ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಹಿಡಿದರೆ, ಸಾಕಿದರೆ ಕನಿಷ್ಠ 3 ವರ್ಷ ಜೈಲು.

ಆದ್ರೆ ಕಾಯ್ದೆ ಆಮೆಯನ್ನು ಕಾಯುತ್ತೆ, ಅದರ ದಡವನ್ನು ಕಾಯೋರು ಯಾರು? ಇದು ಮೊಟ್ಟೆ ಇಡೋದು ನೀರಲ್ಲಲ್ಲ, ದಡದ ಮಣ್ಣಲ್ಲಿ. ಕೆರೆ 'ಅಭಿವೃದ್ಧಿ' ಅಂದ ಕೂಡಲೇ ನಾವು ಮಾಡೋದೇನು? ಸುತ್ತ ಕಡಿದಾದ ಕಲ್ಲಿನ ಗೋಡೆ, ಮೇಲೆ ಕಾಂಕ್ರೀಟಿನ ವಾಕಿಂಗ್ ಪಾತ್, ಅದರಾಚೆ ಬೇಲಿ. ನೀರು ತುಂಬಿರುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಮೊಟ್ಟೆ ಇಡೋಕೆ ಒಂದು ಗೇಣು ಮಣ್ಣಿರೋದಿಲ್ಲ. ರೂಮಿನ ಗಾಜಿನ ಡಬ್ಬಿಯದೇ ದೊಡ್ಡ ವರ್ಷನ್ ಅದು.

ಆ ಗೋಡೆ ಕಟ್ಟೋರು ನಮ್ಮಂಥ ಎಂಜಿನಿಯರ್‌ಗಳೇ. ಆದ್ದರಿಂದ ನಮ್ಮ ನಿಲುವು ಇದು. ಆಮೆ ಕೊಳ್ಳೋದು ಬೇಡ, ಗಿಫ್ಟ್ ಕೊಡೋದೂ ಬೇಡ. ಈಗಾಗಲೇ ಸ್ಲೈಡರ್ ಇದ್ದರೆ ಈಜೋಕೆ ದೊಡ್ಡ ಟಬ್, ಹತ್ತಿ ಕೂರೋಕೆ ಒಣ ಜಾಗ, ಯುವಿ-ಬಿ ದೀಪ, ಫಿಲ್ಟರ್ ಹಾಕಿ ನೋಡಿಕೊಳ್ಳಿ. ಆಗದಿದ್ದರೆ ಪ್ರಾಣಿ ರಕ್ಷಣೆ ಮಾಡೋರಿಗೆ ಒಪ್ಪಿಸಿ, ಕೆರೆಗಂತೂ ಬಿಡಲೇಬೇಡಿ. ಸಿವಿಲ್ ಗೆಳೆಯರೇ, ನಾಳೆ ಕೆರೆಯ ಡ್ರಾಯಿಂಗ್ ನಿಮ್ಮ ಟೇಬಲ್ಲಿಗೆ ಬಂದಾಗ ಒಂದು ಬದಿಯಾದರೂ ಇಳಿಜಾರಾದ ಮಣ್ಣಿನ ದಡ ಬಿಡಿ. ಅದಕ್ಕೆ ಖರ್ಚೂ ಕಡಿಮೆ.