ಮಿಲಿಟರಿ ಏನು ಬಸ್ ಸ್ಟ್ಯಾಂಡಿನ ಬೆಂಚೇ?

ಕನ್ನಡದ ಯುವಕರೇ,

ಕಾರ್ಯಪ್ಪ, ತಿಮ್ಮಯ್ಯ ಎಂದು ಹೆಸರು ಹೇಳಿ ಎದೆ ಉಬ್ಬಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಜನವರಿ 15 ಹತ್ತಿರ ಬಂದರೆ ನಮ್ಮ ಪ್ರೆಸ್ಸಿಗೂ ಕಾರ್ಯಪ್ಪನವರ ಚಿತ್ರದ ಕರಪತ್ರ ಅಚ್ಚಿಗೆ ಬರುತ್ತದೆ. 1949ರ ಆ ದಿನ ಕೊಡಗಿನ ಆ ವೀರ ಭಾರತದ ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಸಂತೋಷ! ಆದರೆ ಆ ಕರಪತ್ರ ಹಂಚುವ ಹುಡುಗರಲ್ಲಿ ‘ನಾನೂ ಅಧಿಕಾರಿಯಾಗುತ್ತೇನೆ’ ಎನ್ನುವವರು ಎಷ್ಟು ಮಂದಿ?

ನಿಮ್ಮಲ್ಲಿ ಬಹಳಷ್ಟು ಜನ ಎಂಜಿನಿಯರಿಂಗ್ ಓದುತ್ತಿದ್ದೀರಿ. ಸೇನೆಯ ಯೋಚನೆ ನಿಮಗೆ ಬರುವುದು ಕ್ಯಾಂಪಸ್ ಇಂಟರ್‌ವ್ಯೂ ಕೈಕೊಟ್ಟ ಮೇಲೆ. ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ಬರುವ ಹುಡುಗರು ಪ್ರತಿ ವರ್ಷ ಹೇಳುವುದು ಇದನ್ನೇ: “ಏನೂ ಸಿಗದಿದ್ದರೆ ಮಿಲಿಟರಿ ಇದ್ದೇ ಇದೆಯಲ್ಲ ಸಾರ್.” ಅದೇನು ಬಸ್ ಸ್ಟ್ಯಾಂಡಿನ ಬೆಂಚೇ, ಬೇಕೆನಿಸಿದಾಗ ಹೋಗಿ ಕೂರಲು?

ಎಂಜಿನಿಯರುಗಳಿಗೆ ಸೇನೆ ಎರಡು ನೇರ ಬಾಗಿಲು ಇಟ್ಟಿದೆ. ಒಂದು ಟಿಜಿಸಿ. ಡೆಹ್ರಾಡೂನಿನಲ್ಲಿ ತರಬೇತಿ, ಖಾಯಂ ಸೇವೆ. ಇನ್ನೊಂದು ಶಾರ್ಟ್ ಸರ್ವಿಸ್ ಟೆಕ್ನಿಕಲ್. ಚೆನ್ನೈನಲ್ಲಿ 49 ವಾರ ತರಬೇತಿ, 10 ವರ್ಷ ಸೇವೆ, ಬೇಕಾದರೆ ಇನ್ನೂ 4 ವರ್ಷ. ವಯಸ್ಸು 20ರಿಂದ 27. ತರಬೇತಿಯಲ್ಲೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಹುಡುಗಿಯರಿಗೂ ಚೆನ್ನೈ ದಾರಿ ತೆರೆದಿದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವರೂ ಖಾಯಂ ಸೇವೆ ಕೇಳಬಹುದು. ಕೊನೇ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬಹುದು, ಲಿಖಿತ ಪರೀಕ್ಷೆ ಇಲ್ಲ.

ಇಷ್ಟು ಕೇಳಿ ಕುಣಿಯಬೇಡಿ. ಅರ್ಜಿ ಸೋಸುವುದು ಅಂಕದ ಮೇಲೆ, ಅದೂ ಆರನೇ ಸೆಮಿಸ್ಟರಿನವರೆಗಿನ ಒಟ್ಟು ಅಂಕದ ಮೇಲೆ. ಏಳನೇ ಸೆಮಿಸ್ಟರಿನಲ್ಲಿ ಎಚ್ಚರವಾದವನು ಏನು ತಿದ್ದುತ್ತಾನೆ?

ಎನ್‌ಸಿಸಿ ಕಥೆಯೂ ಅಷ್ಟೆ. ಎರಡನೇ ವರ್ಷ ‘ಬಿ’ ಸರ್ಟಿಫಿಕೇಟ್, ಮೂರನೇ ವರ್ಷ ‘ಸಿ’. ‘ಸಿ’ಯಲ್ಲಿ ಕನಿಷ್ಠ ಬಿ ಗ್ರೇಡು, ಡಿಗ್ರಿಯಲ್ಲಿ ನೂರಕ್ಕೆ 50 ಅಂಕ ಇದ್ದವರಿಗೆ ಲಿಖಿತ ಪರೀಕ್ಷೆಯಿಲ್ಲದ ಮತ್ತೊಂದು ದಾರಿ ಇದೆ. ಮೊದಲ ವರ್ಷ ಪರೇಡಿಗೆ ಚಕ್ಕರ್ ಹೊಡೆದು ಕ್ಯಾಂಟೀನಿನಲ್ಲಿ ಕೂತವನಿಗೆ ಆ ದಾರಿ ಮುಚ್ಚಿದಂತೆ.

ಮುಂದಿನದು ಎಸ್‌ಎಸ್‌ಬಿ, ಐದು ದಿನ. ನಮ್ಮ ಬೆಂಗಳೂರಿನಲ್ಲೇ ಅದರ ಕೇಂದ್ರವಿದೆ. ಮೊದಲ ದಿನವೇ ಅರ್ಧಕ್ಕರ್ಧ ಜನ ಪೆಟ್ಟಿಗೆ ಎತ್ತಿಕೊಂಡು ಹೊರಡುವುದುಂಟು. ಚಿತ್ರ ತೋರಿಸಿ ಕಥೆ ಬರೆಸುತ್ತಾರೆ. 60 ಪದ ತೋರಿಸುತ್ತಾರೆ, ಪದಕ್ಕೆ 15 ಸೆಕೆಂಡ್, ಹೊಳೆದದ್ದು ಬರೆಯಬೇಕು. ಹಲಗೆ, ಹಗ್ಗ ಕೊಟ್ಟು ಗುಂಪಾಗಿ ಹಳ್ಳ ದಾಟಿ ಎನ್ನುತ್ತಾರೆ. ಅಲ್ಲಿ ನೋಡುವುದು ನಿಮ್ಮ ಬುದ್ಧಿ ಎಷ್ಟು ಬೇಗ ಓಡುತ್ತದೆ, ಪಕ್ಕದವನಿಗೆ ಹೆಗಲು ಕೊಡುತ್ತೀರೋ ಇಲ್ಲವೋ ಎಂದು. ‘ನಮಗೆ ಕಾನ್ವೆಂಟ್ ಇಂಗ್ಲಿಷ್ ಬರಲ್ಲ’ ಎಂದು ಹಿಂದೆ ಸರಿಯುವವರೇ, ತಪ್ಪಿಲ್ಲದ ಸಣ್ಣ ವಾಕ್ಯ ಸಾಕು. ನಾಲ್ಕು ವರ್ಷದಲ್ಲಿ ಅದನ್ನು ಕಲಿಯಲಾಗದೇ?

ಭಾಷೆಯ ಅನ್ಯಾಯ ಇರುವುದು ಬೇರೆ ಕಡೆ. ಸಿಡಿಎಸ್ ದಾರಿಯಲ್ಲಿ ಹೋಗುವವರಿಗೆ ಯುಪಿಎಸ್‌ಸಿ ಕೊಡುವ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಲ್ಲಿ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಿದರು. ಪೇದೆಗೆ ಕನ್ನಡ ಆಗುತ್ತದೆ, ಅಧಿಕಾರಿಗೆ ಆಗುವುದಿಲ್ಲವೇ? ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಉತ್ತರ ಬರುವವರೆಗೆ ಮನೆಯಲ್ಲಿ ಕೂರುವುದು ಬೇಡ.

ಅಪ್ಪ ಅಮ್ಮನ ಹತ್ತಿರ ಒಂದು ಮಾತು ಮುಚ್ಚಿಡಬೇಡಿ. ತರಬೇತಿಯಲ್ಲಿ ಮೂಳೆ ಮುರಿದು, ಬೆನ್ನು ಹೋಗಿ ಮನೆಗೆ ಬಂದ ಕೆಡೆಟ್‌ಗಳಿದ್ದಾರೆ. ಅವರಿಗೆ ಮಾಜಿ ಸೈನಿಕನೆಂಬ ಹೆಸರೂ ಇಲ್ಲದ ಸ್ಥಿತಿ ಕಂಡು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಇದನ್ನೂ ತಿಳಿದೇ ಸಹಿ ಹಾಕಿ.

ಮೊದಲ ಸೆಮಿಸ್ಟರಿನವರು ಈ ವಾರವೇ ಕಾಲೇಜಿನ ಎನ್‌ಸಿಸಿ ಕೋಣೆ ಎಲ್ಲಿದೆ ಎಂದು ವಿಚಾರಿಸಿ. ಸೀಟು ಕಡಿಮೆ, ಓಡಿಸಿ ನೋಡುತ್ತಾರೆ. ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೋಗಿ.