ಮನೆ ಕಿರಿದಾದರೆ ಮಕ್ಕಳ ಗಂಟು ಬೀದಿಗೆಸೆಯುತ್ತೇವೆಯೆ?

ಮನೆಯಲ್ಲಿ ಜಾಗ ಸಾಲದಾದರೆ ನಾವು ಹೆಂಗಸರು ಏನು ಮಾಡುತ್ತೇವೆ? ಅಟ್ಟ ಹುಡುಕುತ್ತೇವೆ, ಮುಚ್ಚಿಟ್ಟ ಕೋಣೆಯ ಬಾಗಿಲು ತೆಗೆಯುತ್ತೇವೆ. ಅತ್ತೆಯ ಪೆಟ್ಟಿಗೆಯನ್ನು ಬೀದಿಗೆಸೆಯುವುದಿಲ್ಲ. ಇಷ್ಟು ತಿಳಿವಳಿಕೆ ಕಂಪ್ಯೂಟರ್ ಕೋಣೆಯ ಹೊಸ್ತಿಲು ದಾಟುತ್ತಲೇ ಎಲ್ಲಿ ಹೋಗುತ್ತದೆ?

ನಾನು ಬಸವಕಲ್ಯಾಣದಿಂದ ದಿನವೂ ಬಸ್ಸು ಹತ್ತಿ ಹುಮನಾಬಾದಿನ ಶಾಲೆಗೆ ಹೋಗುವವಳು. 2018ರಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಅಜ್ಜಿಯಂದಿರ ಬೀಸುವ ಪದಗಳನ್ನು ಕೇಳಿ ಬಂದು, ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದರು. ವರ್ಷದ ಕೊನೆಗೆ ಯಂತ್ರ ಜಾಗವಿಲ್ಲವೆಂದಿತು. ರಿಪೇರಿಗೆ ಬಂದವನು, "ಟೀಚರ್, ಡಿಸ್ಕ್ ತುಂಬ್ಯಾದ್ರಿ. ಫಾರ್ಮ್ಯಾಟ್ ಮಾಡ್ತೀನಿ. ಹುಡುಗ್ರ ಫೈಲಿನ್ಯಾಗ ಏನಿರ್ತದ?" ಎಂದ. ನಾನು ತಲೆಯಾಡಿಸಿದೆ. ಎಲ್ಲ ಅಳಿಸಿಹೋಯಿತು. ಅಷ್ಟರಲ್ಲಿ ಒಬ್ಬ ಹುಡುಗಿಯ ಅಜ್ಜಿ ತೀರಿಕೊಂಡಿದ್ದಳು. ಆ ಪದಗಳನ್ನು ಮತ್ತೆ ಹೇಳುವವರಿರಲಿಲ್ಲ. "ನೀವರೆ ಬ್ಯಾಡ ಅನ್ನಲಿಲ್ಲೇನ್ರಿ, ಟೀಚರ್?" ಎಂದು ಆಕೆ ಕೇಳಿದ್ದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಮರುವರ್ಷ ಮತ್ತೆ ಅದೇ ದೂರು. ಈ ಸಲ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಸಿದೆ. ಅವಳು ನೋಡಿ ನಕ್ಕಳು. ಡಿಸ್ಕು ತುಂಬಿರಲೇ ಇಲ್ಲ! ಅದರಲ್ಲಿ ಎರಡು ಪಾರ್ಟಿಷನ್. ಚಿಕ್ಕದರಲ್ಲಿ ಲಿನಕ್ಸೂ ಮಕ್ಕಳ ಹೋಮ್ ಡೈರೆಕ್ಟರಿಗಳೂ ಒತ್ತೊತ್ತಾಗಿ ಕೂತಿದ್ದವು, ದೊಡ್ಡದು ಬರಿದಾಗಿತ್ತು. ಅವಳು ಮೊದಲು ಹೊರಗಿನ ಡಿಸ್ಕಿಗೆ ಒಂದು ಪ್ರತಿ ತೆಗೆದಳು. ಮಕ್ಕಳನ್ನೆಲ್ಲ ಲಾಗ್‌ಔಟ್ ಮಾಡಿಸಿ, ಯಾವ ಕಡತ ಯಾರದೆಂಬ ಗುರುತು ಕೆಡದಂತೆ ಆರ್‌ಸಿಂಕ್‌ನಿಂದ ಎಲ್ಲವನ್ನೂ ದೊಡ್ಡ ಪಾರ್ಟಿಷನ್ನಿಗೆ ನಕಲು ಮಾಡಿದಳು. ತಾಳೆ ನೋಡಿದಳು. ಹಳೆಯ ಹೋಮಿಗೆ ಬೇರೆ ಹೆಸರಿಟ್ಟು, ಯಂತ್ರ ಹಚ್ಚಿದಾಗಲೆಲ್ಲ ಹೊಸ ಜಾಗವೇ ಹೋಮ್ ಆಗುವಂತೆ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಬರೆದಳು. ಮಕ್ಕಳು ವಾರವಿಡೀ ಬಳಸಿ ನೋಡಿದ ಮೇಲಷ್ಟೇ ಹಳೆಯದನ್ನು ಅಳಿಸಿದಳು. ಒಂದು ಮಧ್ಯಾಹ್ನದ ಕೆಲಸ!

ಕಲ್ಯಾಣದ ನೆಲದವರಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೆ? ಹನ್ನೆರಡನೆಯ ಶತಮಾನದ ಆ ಕೋಲಾಹಲದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ನಾವೇ ಪಾಠ ಹೇಳುತ್ತೇವೆ. ಅವರೂ "ಓಲೆಯಾಗ ಏನಿರ್ತದ?" ಎಂದಿದ್ದರೆ, 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಲು ಫ.ಗು. ಹಳಕಟ್ಟಿಯವರಿಗೆ ಏನು ಸಿಗುತ್ತಿತ್ತು?

ಮಕ್ಕಳ ಕಡತಗಳಲ್ಲಿ ಸಿನಿಮಾ ಹಾಡೇ ಹೆಚ್ಚು ಎನ್ನುತ್ತಾರೆ. ಇರಬಹುದು. ತೊಗರಿಯಲ್ಲಿ ಕಲ್ಲಿದ್ದರೆ ಆರಿಸುತ್ತೇವೆ. ಚೀಲವನ್ನೇ ತಿಪ್ಪೆಗೆ ಸುರಿಯುವುದಿಲ್ಲ. ಆರಿಸುವ ಕೆಲಸ ಮಕ್ಕಳಿಗೇ ಬಿಡಿ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಅವರೂ ಕಲಿಯಲಿ.

ತಪ್ಪು ರಿಪೇರಿಯವನದಷ್ಟೇ ಅಲ್ಲ. "ನಮಗೆ ಮಷಿನ್ ತಿಳಿಯೂದಿಲ್ಲ" ಎಂದು ಬಾಗಿಲಲ್ಲೇ ನಿಂತುಬಿಡುವ ನಾವೂ ಪಾಲುದಾರರು. ಸಂಸಾರ ಸಾಗಿಸಿದವರಿಗೆ ಮೂರು ಪ್ರಶ್ನೆ ಕೇಳಲು ಬಾರದೆ? ತುಂಬಿದ್ದು ಯಾವ ಭಾಗ? ಖಾಲಿ ಇರುವುದು ಎಲ್ಲಿ? ಪ್ರತಿ ತೆಗೆದಿದ್ದೀಯಾ? ಉತ್ತರ ಬರುವವರೆಗೆ, ಅಕ್ಕಂದಿರೇ, ಆ ಕೋಣೆಯ ಕೀಲಿ ಕೊಡಬೇಡಿ.