ಜುಗಾಡಿಗೆ ರೆಕ್ಕೆ ಕಟ್ಟಬೇಡಿ ಸ್ವಾಮೀ...

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಖಾರವಾದ ಬರಹ. ರೇಡಿಯೋ ಕಂಟ್ರೋಲ್ ವಿಮಾನ ಅಂದರೆ ಮಕ್ಕಳ ಆಟಿಕೆ ಅಂದುಕೊಂಡವರೂ ಓದಿ, ಅದರ ಹುಚ್ಚು ಹತ್ತಿಸಿಕೊಂಡವರೂ ಓದಿ. ನನ್ನ ಸಿಟ್ಟು ಇರೋದು ಎರಡನೆಯವರ ಮೇಲೆ. ಅಂದರೆ ನಮ್ಮವರ ಮೇಲೆಯೇ :)

ಬೆಂಗಳೂರಿನ ಹೊರಗೆ ಯಾವುದೋ ಖಾಲಿ ಲೇಔಟಿಗೆ ಭಾನುವಾರ ಬೆಳಿಗ್ಗೆ ಹೋದರೆ ಕೆಲವೊಮ್ಮೆ ದೊಡ್ಡ ಮಾಡೆಲ್‌ಗಳು ಕಾಣುತ್ತವೆ. ಏಳು ಅಡಿ ರೆಕ್ಕೆ, ಪೆಟ್ರೋಲ್ ಇಂಜಿನ್ನು, ಎಂಟರಿಂದ ಹತ್ತು ಕೆಜಿ ತೂಕ. ಸುತ್ತ ನಿಂತವರ ಮಾತು ಕೇಳಬೇಕು ನೀವು.

"35 ಸಿಸಿ ಜಾಗದಲ್ಲಿ 55 ಸಿಸಿ ಕೂರಿಸಿದೀನಿ ಮಗಾ."
"ಮೂತಿ ಭಾರ ಆಗಲಿಲ್ವಾ?"
"ಬಾಲಕ್ಕೆ ಸೀಸ ಕಟ್ಟಿದೆ, ಸರಿಹೋಯ್ತು."

ತಕ್ಷಣ ಎಲ್ಲರೂ ಭೇಷ್ ಅನ್ನುತ್ತಾರೆ. ಜುಗಾಡ್ ಅಂದರೆ ಇದಪ್ಪಾ ಅಂತ ಬೆನ್ನು ತಟ್ಟುತ್ತಾರೆ. ನನ್ನ ತಕರಾರು ಇರೋದು ಆ ಭೇಷ್ ಬಗ್ಗೆ. ಅದು ನಿಲ್ಲಬೇಕು.

ಯಾಕೆ ಅಂತೀರಾ? ಒಂದು ಸಣ್ಣ ಲೆಕ್ಕ ಮಾಡೋಣ, ಪಿಯುಸಿ ಫಿಸಿಕ್ಸ್ ಸಾಕು. ಹತ್ತು ಕೆಜಿಯ ವಿಮಾನ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 3,100 ಜೂಲ್. ಹತ್ತು ಮಹಡಿ ಕಟ್ಟಡದ ಮೇಲಿಂದ ಹತ್ತು ಕೆಜಿ ಅಕ್ಕಿ ಚೀಲ ಬೀಳಿಸಿದರೆ ನೆಲಕ್ಕೆ ಬಡಿಯುವಾಗ ಇರೋದೂ ಹೆಚ್ಚುಕಡಿಮೆ ಇಷ್ಟೇ. ವಿಮಾನಕ್ಕಾದರೆ ಮುಂದುಗಡೆ ತಿರುಗುವ ಪ್ರೊಪೆಲ್ಲರ್ ಬೇರೆ. ಈಗ ಹೇಳಿ, ಇದು ಆಟಿಕೆಯೇ?

ಇಂಜಿನ್ ದೊಡ್ಡದು ಮಾಡಿದರೆ ಬದಲಾಗೋದು ಬರೀ ಇಂಜಿನ್ ಅಲ್ಲ. ವೇಗ ಶೇಕಡಾ 30 ಹೆಚ್ಚಾಯಿತು ಅನ್ನಿ. ಡೈವ್‌ನಿಂದ ಮೇಲೆತ್ತುವಾಗ ರೆಕ್ಕೆಯ ಮೇಲೆ ಬೀಳಬಹುದಾದ ಭಾರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಶೇಕಡಾ 69. ರೆಕ್ಕೆಯ ಒಳಗಿನ ಸ್ಪಾರ್ ಅದೇ ಹಳೇದು. ಏಲೆರಾನ್ ಎಳೆಯುವ ಸರ್ವೋ ಅದೇ ಹಳೇದು. ಹಿಂಜ್‌ನಲ್ಲಿ ಒಂಚೂರು ಸಡಿಲ ಇದ್ದರೆ ಆ ವೇಗದಲ್ಲಿ ಫ್ಲಟರ್ ಶುರುವಾಗಿ, ಏಲೆರಾನ್ ಪಟಪಟ ನಡುಗಿ, ಕಣ್ಣು ಮಿಟುಕಿಸುವುದರೊಳಗೆ ಕಿತ್ತುಹೋಗಬಹುದು. ಇನ್ನು ಬಾಲದ ಸೀಸ... ಅದು ಸಮತೋಲ ಕೊಡುತ್ತದೆ ನಿಜ. ಆದರೆ ತೂಕವನ್ನೂ ಏರಿಸುತ್ತದೆ, ಸ್ಟಾಲ್ ಆಗುವ ವೇಗವನ್ನೂ ಏರಿಸುತ್ತದೆ. ಲ್ಯಾಂಡಿಂಗ್ ಹೊತ್ತಿಗೆ ಅದರ ಬಡ್ಡಿ ಕಟ್ಟಬೇಕು.

ಇನ್ನೊಂದು ಜಾತಿಯವರಿದ್ದಾರೆ. ಚಿಕ್ಕ ಮಾಡೆಲ್‌ನ ಪ್ಲಾನನ್ನು ಜೆರಾಕ್ಸ್ ಅಂಗಡಿಯಲ್ಲಿ ಎರಡು ಪಟ್ಟು ಹಿಗ್ಗಿಸಿ, ಅದೇ ಅಳತೆಗೆ ಬಾಲ್ಸಾ ಕತ್ತರಿಸುವವರು. ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಎಲ್ಲ ಪಟ್ಟಿಗಳನ್ನೂ ಎರಡು ಪಟ್ಟು ದಪ್ಪ ಮಾಡಿದರೂ ಸ್ಪಾರ್ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ! ಗೆಲಿಲಿಯೋ 1638ರಲ್ಲೇ ದೊಡ್ಡ ಪ್ರಾಣಿಗಳ ಮೂಳೆ ಯಾಕೆ ಅಷ್ಟು ದಪ್ಪ ಇರಬೇಕು ಅಂತ ಬರೆದುಬಿಟ್ಟಿದ್ದಾನೆ. ನಾವು ನಾಲ್ಕು ವರ್ಷ ಬಿಇ ಓದಿ, ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು, ಮೈದಾನಕ್ಕೆ ಬಂದ ಕೂಡಲೇ ಮರೆತುಬಿಡುತ್ತೇವೆ.

"ಬಿದ್ದರೆ ನನ್ನ ದುಡ್ಡು ತಾನೇ ಹೋಗೋದು" ಅನ್ನೋದು ಮಾಮೂಲಿ ಉತ್ತರ. ಅಲ್ಲ ಸ್ವಾಮೀ. ಪಕ್ಕದಲ್ಲಿ ಕ್ರಿಕೆಟ್ ಆಡುವ ಹುಡುಗರಿದ್ದಾರೆ, ದನ ಮೇಯಿಸುವ ಅಜ್ಜಿ ಇದ್ದಾಳೆ. ಅವರಾರೂ ನಿಮ್ಮ ಪ್ರಯೋಗಕ್ಕೆ ಸಹಿ ಹಾಕಿಲ್ಲ.

"ಇಷ್ಟೆಲ್ಲ ರೂಲ್ಸ್ ಮಾಡಿದರೆ ಹವ್ಯಾಸ ಸತ್ತುಹೋಗುತ್ತೆ" ಅನ್ನೋದು ಎರಡನೇ ಉತ್ತರ. ಹಾಗಾದರೆ ಕೇಳಿ. 25 ಕೆಜಿವರೆಗಿನ, ಕಣ್ಣಳತೆಯಲ್ಲೇ ಹಾರಿಸುವ ಹವ್ಯಾಸಿ ಮಾಡೆಲ್‌ಗಳಿಗೆ ಟೈಪ್ ಸರ್ಟಿಫಿಕೇಟ್ ಬೇಡ ಅಂತ 2021ರ ಡ್ರೋನ್ ನಿಯಮಗಳು ಬಿಟ್ಟುಕೊಟ್ಟವು. ಒಳ್ಳೆಯದೇ. ಆದರೆ ಅದರ ಅರ್ಥ ಏನು? ನಿಮ್ಮ ಸ್ಪಾರ್ ಗಟ್ಟಿ ಇದೆಯಾ ಅಂತ ನೋಡೋಕೆ ಯಾವ ಅಧಿಕಾರಿಯೂ ಬರೋದಿಲ್ಲ. ನೋಡಬೇಕಾದವರು ನೀವೇ. ಅಮೆರಿಕದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್‌ನಲ್ಲಿ 55 ಪೌಂಡ್ ಮೀರಿದ ಮಾಡೆಲ್‌ಗೆ ಪ್ರತ್ಯೇಕ ತಪಾಸಣೆ ಇದೆ. ಅಲ್ಲಿ ಹವ್ಯಾಸ ಸತ್ತಿಲ್ಲ.

ಹಾಗಂತ ಬದಲಾಯಿಸೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮೇನಾರ್ಡ್ ಹಿಲ್ ಅಂತ ಒಬ್ಬ ಅಮೆರಿಕನ್ ಇದ್ದರು. 2003ರ ಆಗಸ್ಟ್‌ನಲ್ಲಿ ಅವರ ತಂಡದ ಬಾಲ್ಸಾ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಐರ್ಲೆಂಡಿಗೆ ಹಾರಿತು. ಸುಮಾರು 3,000 ಕಿಲೋಮೀಟರ್, ಹೆಚ್ಚುಕಡಿಮೆ 39 ಗಂಟೆ. ಇಂಧನ ಸೇರಿ ತೂಕ ಐದು ಕೆಜಿಗಿಂತ ಕಡಿಮೆ! ಆಗ ಅವರಿಗೆ 77 ವರ್ಷ, ಕಣ್ಣು ಬಹುಪಾಲು ಮಂಜಾಗಿತ್ತು. ಅವರೂ ಇಂಜಿನ್ ತಿದ್ದಿದವರೇ, ಇಂಧನ ಉಳಿಸೋಕೆ. ಆದರೆ ಪ್ರತಿ ಗ್ರಾಮಿಗೂ ಲೆಕ್ಕ ಇಟ್ಟರು, ಹಿಂದಿನ ಪ್ರಯತ್ನಗಳು ಸೋತಾಗ ಕಾರಣ ಹುಡುಕಿದರು. ಬದಲಾವಣೆಗೂ ಜುಗಾಡಿಗೂ ಇರುವ ವ್ಯತ್ಯಾಸ ಅದೇ.

ನಾನು ಕೇಳೋದು ದೊಡ್ಡದೇನಲ್ಲ. ಇಂಜಿನ್ ಬದಲಿಸಿದಿರಾ? ರೆಕ್ಕೆಯನ್ನು ಬೋರಲು ಹಾಕಿ, ನಡುವೆ ಆನಿಸಿ, ಉದ್ದಕ್ಕೂ ಮರಳಿನ ಚೀಲ ಹೇರಿ. ಹತ್ತು ಕೆಜಿ ವಿಮಾನಕ್ಕೆ ನಾಲ್ಕು ಜಿ ಅಂದರೆ ನಲವತ್ತು ಕೆಜಿ. ಮುರಿಯೋದಿದ್ದರೆ ಹಾಲ್‌ನಲ್ಲೇ ಮುರಿಯಲಿ. ವೇಗಕ್ಕೆ ತಕ್ಕ ಸರ್ವೋ ಹಾಕಿ. ಇಂಜಿನ್ ಓಡುತ್ತಿರುವಾಗಲೇ ರೇಂಜ್ ಚೆಕ್ ಮಾಡಿ. ವಿಮಾನವನ್ನು ಒಬ್ಬರು ಗಟ್ಟಿಯಾಗಿ ಹಿಡಿದಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಫೇಲ್‌ಸೇಫ್ ಇಂಜಿನ್ ತಗ್ಗಿಸುತ್ತಾ ನೋಡಿ. ಆಮೇಲೆ ಇನ್ನೊಬ್ಬರ ಕೈಗೆ ಕೊಟ್ಟು ಒಂದೊಂದೇ ಸ್ಕ್ರೂ ಅಲ್ಲಾಡಿಸಿ ನೋಡೋಕೆ ಹೇಳಿ.

ಆಫೀಸಿನಲ್ಲಿ ಎರಡು ಸಾಲಿನ ಕೋಡ್ ಬದಲಿಸಿದರೂ ಇನ್ನೊಬ್ಬರ ರಿವ್ಯೂ ಇಲ್ಲದೆ ಪ್ರೊಡಕ್ಷನ್‌ಗೆ ಬಿಡದವರು ನಾವು. ಅಲ್ಲಿ ಕೆಟ್ಟರೆ ರೋಲ್‌ಬ್ಯಾಕ್ ಇದೆ. ಇಲ್ಲಿ?

ಮುಂದಿನ ಸಲ ಯಾರಾದರೂ "55 ಸಿಸಿ ಕೂರಿಸಿದೀನಿ" ಅಂದರೆ ಭೇಷ್ ಅನ್ನೋಕೆ ಮುಂಚೆ "ಮರಳು ಹೇರಿ ನೋಡಿದ್ಯಾ?" ಅಂತ ಕೇಳಿ. ಇಲ್ಲ ಅಂದರೆ ಅವತ್ತು ಹಾರಿಸೋಕೆ ಬಿಡಬೇಡಿ. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ ಬಿಡಿ. ಏನಂತೀರಿ?